ನಲವತ್ತು ದಾಟಿದ ಮೇಲೂ ವಾರ್ಡ್ ಡ್ಯೂಟಿ: ಸೊಂಟ, ಮಂಡಿ, ಪಾದ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬೆಲ್ಟ್ ಕಟ್ಟಿಕೊಂಡೆ, ಎರಡು ವಾರ ಮಾತ್ರೆ ನುಂಗಿದೆ, ಯೋಗ ತರಗತಿಗೂ ಸೇರಿದೆ, ಆದರೂ ಸೊಂಟ ನೋವು ಮತ್ತೆ ಬಂತು. ನಲವತ್ತು ದಾಟಿದ ಶುಶ್ರೂಷಕಿಯರಿಂದ ನಾನು ಮತ್ತೆ ಮತ್ತೆ ಕೇಳುವ ಮಾತು ಇದು. ಇವರು ಯಾರೂ ಪ್ರಯತ್ನ ಮಾಡದವರಲ್ಲ. ಎಡವುತ್ತಿರುವುದು ಕ್ರಮದಲ್ಲಿ. ಕೊನೆಗೆ ಬರಬೇಕಾದ ಬೆಲ್ಟು ಮತ್ತು ಮಾತ್ರೆ ಮೊದಲೇ ಬಂದುಬಿಡುತ್ತವೆ. ಮೊದಲು ಬದಲಾಗಬೇಕಾದ ಕೆಲಸದ ರೀತಿ ಕೊನೆಯವರೆಗೂ ಹಾಗೆಯೇ ಉಳಿಯುತ್ತದೆ.

ನನಗೆ 44 ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ನೈಟ್ ಡ್ಯೂಟಿಯ ಹ್ಯಾಂಡ್‌ಓವರ್ ಮುಗಿಸಿದೆ. ನೆಲಕ್ಕೆ ಬಿದ್ದಿದ್ದ ಹತ್ತಿಯ ಉಂಡೆಯೊಂದನ್ನು ಎತ್ತಲು ಬಾಗಿದವಳಿಗೆ ಮತ್ತೆ ನೇರವಾಗಲು ಆಗಲಿಲ್ಲ. ಹತ್ತಿಯ ಉಂಡೆಗೆ ತೂಕವೇನೂ ಇರಲಿಲ್ಲ. ಆ ರಾತ್ರಿ ಹಾಸಿಗೆಯಲ್ಲೇ ಕಾಲಿನ ಕಡೆಗೆ ಜಾರಿದ ರೋಗಿಗಳನ್ನು ಹನ್ನೊಂದು ಸಲ ಒಬ್ಬಳೇ ಮೇಲಕ್ಕೆ ಎಳೆದಿದ್ದೆ. ತೂಕ ಇದ್ದದ್ದು ಅಲ್ಲಿ. ವಾರ್ಡಿನಲ್ಲಿ ದೇಹ ಕೆಡುವುದು ಬಹುತೇಕ ಹೀಗೆಯೇ. ಪೆಟ್ಟು ಬೀಳುವುದು ಒಂದು ಹೊತ್ತಿನಲ್ಲಿ, ನೋವು ಕಾಣಿಸುವುದು ಇನ್ನೊಂದು ಹೊತ್ತಿನಲ್ಲಿ. ಆದ್ದರಿಂದ ನೋವು ಬಂದ ಕ್ಷಣವನ್ನಷ್ಟೇ ನೋಡಿ ಮದ್ದು ಹುಡುಕಿದರೆ ಸಿಗುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎಲ್ಲವನ್ನೂ ಒಂದೇ ವಾರದಲ್ಲಿ ಹಿಡಿಯಬೇಡಿ. ಒಂದು ಹಂತ ರೂಢಿಯಾದ ಮೇಲೆ ಮುಂದಿನದು. ಪುರುಷ ಶುಶ್ರೂಷಕರಿಗೂ ಎಂಟನೇ ಹಂತವೊಂದನ್ನು ಬಿಟ್ಟು ಉಳಿದದ್ದೆಲ್ಲ ಅನ್ವಯಿಸುತ್ತದೆ.

## ಮೊದಲು ಹೊಂದಿಸಿಕೊಳ್ಳಬೇಕಾದವು

ಹಿಮ್ಮಡಿ ಗಟ್ಟಿಯಾಗಿರುವ ಮುಚ್ಚಿದ ಶೂ ಎರಡು ಜೊತೆ, ಕಾಲನ್ನು ಬಿಗಿಯಾಗಿ ಒತ್ತಿಹಿಡಿಯುವ ಮಂಡಿಯವರೆಗಿನ ಕಂಪ್ರೆಷನ್ ಕಾಲುಚೀಲ, ಹತ್ತಿರದ ಓದಿಗೆ ಕನ್ನಡಕ, ಒಂದು ಲೀಟರಿನ ನೀರಿನ ಬಾಟಲಿ, ಸಣ್ಣ ನೋಟ್‌ಪುಸ್ತಕ, ವ್ಯಾಯಾಮಕ್ಕೆ ರಬ್ಬರ್ ಪಟ್ಟಿ. ಇವು ನಿಮ್ಮವು. ವಾರ್ಡಿನಲ್ಲಿ ಇರಬೇಕಾದವು ಬೇರೆ: ಪ್ರತಿ ಭಾರದ ರೋಗಿಗೂ ಒಂದು ಡ್ರಾ ಶೀಟ್ (ರೋಗಿಯನ್ನು ಸರಿಸಲು ಮೈಕೆಳಗೆ ಅಡ್ಡ ಹಾಸುವ ಬಟ್ಟೆ), ಎತ್ತರ ಬದಲಿಸಬಹುದಾದ ಒಂದು ಸ್ಟೂಲ್, ಕಾಲಿಡಲು ಫುಟ್‌ಸ್ಟೆಪ್, ಬ್ರೇಕ್ ಹಿಡಿಯುವ ವ್ಹೀಲ್‌ಚೇರ್, ಆಮ್ಲಜನಕದ ಸಿಲಿಂಡರಿಗೆ ಟ್ರಾಲಿ. ಡ್ಯೂಟಿಗೆ ಬಂದ ಕೂಡಲೇ ಇವು ಎಲ್ಲಿವೆ ಎಂದು ಒಮ್ಮೆ ಕಣ್ಣಾಡಿಸಿ. ರೋಗಿ ಜಾರುತ್ತಿರುವಾಗ ಹುಡುಕಲು ಸಮಯ ಇರುವುದಿಲ್ಲ.

ಸೊಂಟದ ಬೆಲ್ಟನ್ನು ಈ ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ. ವೈದ್ಯರು ಹೇಳಿದ ಅವಧಿಗೆ ಅದನ್ನು ಕಟ್ಟಿಕೊಳ್ಳುವುದು ಸರಿ. ಆದರೆ ಬೆಲ್ಟ್ ಇದೆ ಎಂಬ ಧೈರ್ಯದ ಮೇಲೆ ಭಾರ ಎತ್ತುವುದು ಅಪಾಯ.

## ಹಂತ 1: ಏಳು ದಿನ ಬರೆದಿಡಿ

ಯಾವುದನ್ನೂ ಬದಲಿಸದೆ ಒಂದು ವಾರ ಬರೆಯಿರಿ. ಯಾವ ಡ್ಯೂಟಿ, ನೋವು ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ, ಅದಕ್ಕೆ ಹಿಂದಿನ ಎರಡು ಗಂಟೆ ಏನು ಮಾಡಿದಿರಿ, ಒಬ್ಬರೇ ಎಷ್ಟು ಸಲ ರೋಗಿಯನ್ನು ಸರಿಸಿದಿರಿ, ಎಷ್ಟು ನೀರು ಕುಡಿದಿರಿ, ಎಷ್ಟು ಗಂಟೆ ನಿದ್ದೆ ಬಂತು. ದಿನಕ್ಕೆ ನಾಲ್ಕು ಸಾಲು ಸಾಕು.

‘ಮೈಯೆಲ್ಲ ನೋವು’ ಎಂದು ಬರೆದರೆ ಉಪಯೋಗವಿಲ್ಲ. ಬೆಳಿಗ್ಗೆ ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿ ಚುಚ್ಚುವುದು ಒಂದು ಬಗೆ. ಸಂಜೆಯ ಹೊತ್ತಿಗೆ ಕಾಲು ಭಾರವಾಗಿ ಕಾಲುಚೀಲದ ಗುರುತು ಆಳವಾಗಿ ಬೀಳುವುದು ಇನ್ನೊಂದು. ಬಾಗಿದಾಗ ಸೊಂಟದಿಂದ ಕಾಲಿಗೆ ಹರಿಯುವ ನೋವು ಮತ್ತೊಂದು. ಮೂರಕ್ಕೂ ಪರಿಹಾರ ಬೇರೆ ಬೇರೆ. ವಾರದ ಕೊನೆಗೆ ನೋಡಿದರೆ ಬಹುತೇಕರಿಗೆ ಒಂದು ವಿಷಯ ಕಾಣುತ್ತದೆ: ನೋವು ಹೆಚ್ಚಾದ ದಿನದ ಹಿಂದಿನ ಡ್ಯೂಟಿಯಲ್ಲಿ ಒಬ್ಬರೇ ಮಾಡಿದ ಕೆಲಸ ಹೆಚ್ಚಿರುತ್ತದೆ.

ಮನೆಯ ಕೆಲಸವನ್ನೂ ಬರೆಯಿರಿ. ರಾತ್ರಿ ಮಲಗಿರುವಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬಾಗಿದರೆ ಅವುಗಳ ಮೇಲಿನ ಒತ್ತಡ ಹೆಚ್ಚು. ನಮ್ಮಲ್ಲಿ ಕಸ ಗುಡಿಸುವುದು, ಅಂಗಳ ಸಾರಿಸುವುದು, ರಂಗೋಲಿ ಹಾಕುವುದು ಎಲ್ಲವೂ ಸರಿಯಾಗಿ ಆ ಗಂಟೆಯಲ್ಲೇ ನಡೆಯುತ್ತವೆ. ಉದ್ದ ಹಿಡಿಯ ಪೊರಕೆ ತನ್ನಿ. ರಂಗೋಲಿಯನ್ನು ಕುಕ್ಕರಗಾಲಿನಲ್ಲಿ ಅಥವಾ ಮಣೆಯ ಮೇಲೆ ಕುಳಿತು ಹಾಕಿ, ಇಲ್ಲವೇ ಆ ಕೆಲಸ ಮನೆಯ ಬೇರೆಯವರದಾಗಲಿ.

## ಹಂತ 2: ಒ.ಪಿ. ಚೀಟಿ ಮಾಡಿಸಿ, ರೋಗಿಯಾಗಿ ಕುಳಿತುಕೊಳ್ಳಿ

ನಾವೆಲ್ಲರೂ ಮಾಡುವ ತಪ್ಪು ಇದು. ರೌಂಡ್ಸ್ ಮುಗಿಯುತ್ತಿರುವಾಗ ವರಾಂಡದಲ್ಲೇ ವೈದ್ಯರನ್ನು ನಿಲ್ಲಿಸಿ, ‘ಸರ್, ಸ್ವಲ್ಪ ಸೊಂಟ ನೋವು’ ಎನ್ನುತ್ತೇವೆ. ಅವರು ನಡೆಯುತ್ತಲೇ ಒಂದು ಮಾತ್ರೆಯ ಹೆಸರು ಹೇಳುತ್ತಾರೆ. ಯಾರೂ ಕಾಲು ಎತ್ತಿಸಿ ನೋಡುವುದಿಲ್ಲ, ಬಿ.ಪಿ. ನೋಡುವುದಿಲ್ಲ, ಬರೆದಿಡುವುದಿಲ್ಲ. ಇನ್ನೂ ಕೆಟ್ಟದ್ದು, ನರ್ಸಿಂಗ್ ಸ್ಟೇಷನ್ನಿನ ಹಿಂದೆ ಪರದೆ ಎಳೆದು ಒಬ್ಬರಿಗೊಬ್ಬರು ನೋವು ನಿವಾರಕ ಡೈಕ್ಲೋಫೆನಾಕ್ ಚುಚ್ಚಿಕೊಂಡು ಮತ್ತೆ ಡ್ಯೂಟಿಗೆ ಹೋಗುವುದು. ನಲವತ್ತೈದರ ನಂತರ, ಅದರಲ್ಲೂ ಬಿ.ಪಿ. ಮಾತ್ರೆ ನುಂಗುವವರಲ್ಲಿ, ಈ ಔಷಧ ಮೂತ್ರಪಿಂಡ, ಹೊಟ್ಟೆ, ರಕ್ತದೊತ್ತಡ ಮೂರಕ್ಕೂ ಹೊರೆ. ಮೇಲಾಗಿ ನೋವು ಅಡಗಿದ ದೇಹ ಇನ್ನಷ್ಟು ಭಾರ ಎತ್ತುತ್ತದೆ.

ಚೀಟಿ ಮಾಡಿಸಿ, ನೋಟ್‌ಪುಸ್ತಕ ಹಿಡಿದು ಹೋಗಿ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ವಿಟಮಿನ್ ಡಿ, ಬಿ12 ಇವುಗಳ ಪರೀಕ್ಷೆ ಬೇಕೇ ಎಂದು ಕೇಳಿ. ರಕ್ತಹೀನತೆ ಮತ್ತು ಥೈರಾಯ್ಡ್ ಕೊರತೆ ಎರಡೂ ‘ವಯಸ್ಸಾಯಿತು’ ಎಂಬ ಸುಸ್ತಿನ ವೇಷದಲ್ಲಿ ಬರುತ್ತವೆ. ಬಿ12 ಕೊರತೆಯಾದರೆ ಪಾದ ಜೋಮು ಹಿಡಿಯುತ್ತದೆ. ಸಸ್ಯಾಹಾರಿಗಳಲ್ಲಿ ಇದು ಹೆಚ್ಚು. ವಿಟಮಿನ್ ಡಿ ಕೊರತೆ ಇದ್ದರೆ ವಾರಕ್ಕೊಂದು 60,000 ಯೂನಿಟ್‌ನ ಪುಡಿಯನ್ನು ವೈದ್ಯರು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಿ. ಅದನ್ನೇ ವರ್ಷಗಟ್ಟಲೆ ಮುಂದುವರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ.

ಕಣ್ಣಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು. ನಲವತ್ತರ ಆಸುಪಾಸಿನಲ್ಲಿ ಹತ್ತಿರದ ನೋಟ ಮಸುಕಾಗತೊಡಗುತ್ತದೆ. ಚುಚ್ಚುಮದ್ದಿನ ಆಂಪೂಲಿನ ಸಣ್ಣ ಅಕ್ಷರವನ್ನು ಕೈ ಚಾಚಿ ಓದುತ್ತಿದ್ದೀರಾದರೆ ಆ ದಿನ ಬಂದಿದೆ. ಕೆಂಪು ಮುಚ್ಚಳದ ಇನ್ಸುಲಿನ್ ಸಿರಿಂಜ್ ಮಿ.ಲೀ.ಗೆ 40 ಯೂನಿಟ್‌ನದು, ಕಿತ್ತಳೆ ಮುಚ್ಚಳದ್ದು 100ರದು. ಮಂದ ಬೆಳಕಿನಲ್ಲಿ ಎರಡು ಬಣ್ಣಗಳೂ ಒಂದೇ ಎನಿಸುತ್ತವೆ. ಇನ್ಸುಲಿನ್ ಸೀಸೆಯ (ವಯಲ್) ಮೇಲಿನ ಸಂಖ್ಯೆ ಮತ್ತು ಸಿರಿಂಜಿನ ಸಂಖ್ಯೆ ಎರಡನ್ನೂ ಕನ್ನಡಕ ಹಾಕಿಕೊಂಡು ಓದಿ ಹೊಂದಿಸಿ. ಕನ್ನಡಕ ಕುತ್ತಿಗೆಗೂ ಒಳ್ಳೆಯದು: ಕಾಣದಿದ್ದಾಗ ನಾವು ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಹಾಕಲು ಇನ್ನಷ್ಟು ಬಗ್ಗುತ್ತೇವೆ.

## ಹಂತ 3: ಪಾದದಿಂದ ಆರಂಭಿಸಿ

ಸೊಂಟದ ನೋವಿಗೆ ಪಾದದಿಂದ ಏಕೆ ಆರಂಭಿಸಬೇಕು? ಪಾದ ನೋಯುವವರು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾರೆ, ಆ ಓರೆ ಸೊಂಟಕ್ಕೆ ಏರುತ್ತದೆ. ಇದನ್ನು ಸರಿಪಡಿಸುವುದು ಸುಲಭ, ಫಲವೂ ಬೇಗ.

ಶೂವನ್ನು ಸಂಜೆಯ ಹೊತ್ತು ಖರೀದಿಸಿ, ಪಾದ ಊದಿರುವಾಗ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗವಿರಲಿ. ಶೂವನ್ನು ಕೈಯಲ್ಲಿ ಹಿಡಿದು ಮಡಿಸಿ ನೋಡಿ: ಬೆರಳಿನ ಬುಡದಲ್ಲಿ ಮಡಿಯಬೇಕು, ನಡುವೆ ಮಡಿಯಬಾರದು. ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಸಿಯಬಾರದು. ತೆರೆದ ಚಪ್ಪಲಿ ಬೇಡವೇ ಬೇಡ, ಸೂಜಿ ಬೀಳುವ ಜಾಗವದು. ಎರಡು ಜೊತೆಯನ್ನು ದಿನ ಬಿಟ್ಟು ದಿನ ಹಾಕಿ. ಹಿಮ್ಮಡಿ ಒಂದು ಬದಿಗೆ ಸವೆದಿದ್ದರೆ ಮೇಲೆ ಹೊಸದಾಗಿ ಕಂಡರೂ ಅದರ ಆಯುಸ್ಸು ಮುಗಿದಿದೆ.

ಕಾಲಿನ ರಕ್ತನಾಳ ಉಬ್ಬುವವರು 15–20 ಮಿ.ಮೀ. ಪಾದರಸ ಒತ್ತಡದ ಕಾಲುಚೀಲ ತೆಗೆದುಕೊಳ್ಳಿ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಬೇಕು. ಕಾಲು ಊದಿದ ಮೇಲೆ ಹಾಕಿದರೆ ಫಲವಿಲ್ಲ. ಮಂಡಿಯ ಹಿಂದೆ ಸುರುಳಿಯಾಗಿ ಮಡಚಿಕೊಂಡರೆ ಅದೇ ಹಗ್ಗದಂತೆ ಬಿಗಿಯುತ್ತದೆ. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿರುವವರು, ಕಾಲಿಗೆ ರಕ್ತ ಹರಿಯುವ ನಾಳ ಕಿರಿದಾಗಿರುವವರು ವೈದ್ಯರನ್ನು ಕೇಳದೆ ಹಾಕಬಾರದು.

ಹಿಮ್ಮಡಿ ಚುಚ್ಚುವವರು ಎದ್ದ ಕೂಡಲೇ ಕಾಲೂರಬೇಡಿ. ಹಾಸಿಗೆಯಲ್ಲೇ ಕಾಲು ಚಾಚಿ ಕುಳಿತು, ಟವೆಲನ್ನು ಪಾದದ ಮುಂಭಾಗಕ್ಕೆ ಹಾಕಿ 30 ಸೆಕೆಂಡು ತಮ್ಮೆಡೆಗೆ ಎಳೆದುಕೊಳ್ಳಿ, ಮೂರು ಸಲ. ಸಂಜೆ ಗೋಡೆ ಹಿಡಿದು ಮೀನಖಂಡವನ್ನು ಹಿಗ್ಗಿಸಿ. ಮನೆಯ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡಿ, ಒಳಗೆ ಹಾಕಲೆಂದೇ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ. ಈ ನೋವು ಇಳಿಯಲು ತಿಂಗಳುಗಳೇ ಬೇಕು. ಎರಡು ವಾರಕ್ಕೆ ಬಿಟ್ಟುಬಿಡುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು.

## ಹಂತ 4: ರೋಗಿಯನ್ನು ಎತ್ತಬೇಡಿ, ಜಾರಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಮೊದಲು ಲೆಕ್ಕ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ವಿಜ್ಞಾನಿಯೊಬ್ಬರು 2007ರಲ್ಲಿ ಒಂದು ಮಿತಿ ಸೂಚಿಸಿದರು: ರೋಗಿಯನ್ನು ಬರಿಗೈಯಲ್ಲಿ ಎತ್ತುವಾಗ ಒಬ್ಬರ ಪಾಲಿಗೆ 35 ಪೌಂಡ್, ಅಂದರೆ ಸುಮಾರು 16 ಕಿಲೋ. ಅದೂ ರೋಗಿ ಮೈಗೆ ಹತ್ತಿರವಿದ್ದು, ಸಹಕರಿಸುತ್ತಿದ್ದು, ಹಠಾತ್ತನೆ ಅಲುಗಾಡದಿದ್ದಾಗ. 60 ಕಿಲೋ ತೂಕದ ರೋಗಿಯನ್ನು ಇಬ್ಬರು ಎತ್ತಿದರೆ ಒಬ್ಬೊಬ್ಬರಿಗೆ 30 ಕಿಲೋ. ನಾಲ್ವರಾದರೆ 15. ನಾನು ಆ ರಾತ್ರಿ ಒಬ್ಬಳೇ ಮಾಡಿದ್ದು ಎಂಥ ಕೆಲಸ ಎಂದು ಈ ಲೆಕ್ಕ ನೋಡಿದ ಮೇಲೆ ನನಗೆ ತಿಳಿಯಿತು. ನಾಲ್ವರು ಪ್ರತಿ ಸಲವೂ ಸಿಗುವುದಿಲ್ಲ. ಆದ್ದರಿಂದಲೇ ಎತ್ತುವುದನ್ನು ಬಿಟ್ಟು ಜಾರಿಸುವುದನ್ನು ಕಲಿಯಬೇಕು.

ಹಾಸಿಗೆಯಲ್ಲಿ ಕೆಳಕ್ಕೆ ಜಾರಿದ ರೋಗಿಯನ್ನು ತಲೆಯ ಕಡೆಗೆ ಸರಿಸುವ ಕ್ರಮ

1. ಮಂಚದ ಗಾಲಿಗಳ ಬ್ರೇಕ್ ಒತ್ತಿ. ಒಂದು ಗಾಲಿ ಸಡಿಲವಿದ್ದರೂ ಮಂಚವೇ ನಿಮ್ಮ ಜೊತೆ ಬರುತ್ತದೆ.
2. ತಲೆಯ ಕಡೆ ಎತ್ತಿರುವುದನ್ನು ಇಳಿಸಿ ಮಟ್ಟ ಮಾಡಿ. ನಮ್ಮ ಫೌಲರ್ ಮಂಚಗಳಲ್ಲಿ (ತಲೆ, ಮಂಡಿಯ ಭಾಗವನ್ನು ಏರಿಸಿ ಇಳಿಸಬಹುದಾದ ಮಂಚ) ಇದಕ್ಕೆ ಕಾಲಿನ ಕಡೆಯ ಹ್ಯಾಂಡಲ್ ತಿರುಗಿಸಬೇಕು. ಆ ಹ್ಯಾಂಡಲ್ ಬಿಗಿಯಾಗಿರುತ್ತದೆ ಎಂದು ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಬಿಟ್ಟರೆ ರೋಗಿಯನ್ನು ಏರಿನ ಮೇಲೆ ಎಳೆಯುತ್ತಿದ್ದೀರಿ ಎಂದರ್ಥ. ಹ್ಯಾಂಡಲಿಗೆ ಎಣ್ಣೆ ಬಿಡಿಸಿ. ಉಸಿರಾಟದ ತೊಂದರೆಯಿಂದ ಮಟ್ಟವಾಗಿ ಮಲಗಲಾಗದ ರೋಗಿಯಾದರೆ ಹೆಚ್ಚು ಜನರನ್ನು ಕರೆಯಿರಿ, ಒಬ್ಬರೇ ಪ್ರಯತ್ನಿಸಬೇಡಿ.
3. ಯೂರೋಬ್ಯಾಗ್ (ಮೂತ್ರ ತುಂಬುವ ಚೀಲ), ಡ್ರಿಪ್ ನಳಿಕೆ, ಆಮ್ಲಜನಕದ ನಳಿಕೆ ಎಲ್ಲಿ ಸಿಕ್ಕಿಕೊಂಡಿವೆ ನೋಡಿ ಬಿಡಿಸಿ.
4. ದಿಂಬನ್ನು ತೆಗೆದು ತಲೆಕಡೆಯ ಹಲಗೆಗೆ ಒರಗಿಸಿ ನಿಲ್ಲಿಸಿ.
5. ರೋಗಿಗೆ ಹೇಳಿ: ‘ಅಜ್ಜಾ, ಮಂಡಿ ಮಡಚಿ ಪಾದ ಊರಿ, ಗಲ್ಲವನ್ನು ಎದೆಗೆ ತಾಗಿಸಿ. ಮೂರು ಎಂದಾಗ ಕಾಲಿನಿಂದ ಒತ್ತಿ.’ ಎಷ್ಟೇ ಬಲಹೀನರಾಗಿದ್ದರೂ ಕೆಲವು ಕಿಲೋ ಭಾರವನ್ನಾದರೂ ಅವರೇ ಹೊರುತ್ತಾರೆ.
6. ಇಬ್ಬರೂ ಎದುರುಬದುರು ನಿಂತು ಡ್ರಾ ಶೀಟಿನ ಅಂಚನ್ನು ರೋಗಿಯ ಮೈಗೆ ತಾಗುವವರೆಗೆ ಸುತ್ತಿ ಹಿಡಿಯಿರಿ. ಪಾದಗಳು ತಲೆಕಡೆಗೆ ಮುಖ ಮಾಡಿರಲಿ, ಒಂದು ಹಿಂದೆ, ಒಂದು ಮುಂದೆ.
7. ಮೂರು ಎಂದಾಗ ಮೈಭಾರವನ್ನು ಹಿಂಗಾಲಿನಿಂದ ಮುಂಗಾಲಿಗೆ ಹಾಕಿ. ಕೈ ಎಳೆಯಬಾರದು, ಮೈ ಹೋಗಬೇಕು. ಒಂದೇ ಸಲಕ್ಕೆ ಮುಗಿಸಬೇಕೆಂದಿಲ್ಲ, ಎರಡು ಮೂರು ಸಣ್ಣ ಸರಿತ ಸಾಕು.

ಡ್ರಾ ಶೀಟಿನ ಕೆಳಗೆ ನುಣುಪಾದ ಸ್ಲೈಡ್ ಶೀಟ್ ಇದ್ದರೆ ಅರ್ಧ ಶ್ರಮವೂ ಇರುವುದಿಲ್ಲ. ಇಲ್ಲದ ಕಡೆ ಬಳಸದ, ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಹಾಳೆ ಆ ಕೆಲಸ ಮಾಡುತ್ತದೆ. ಸರಿಸಿದ ಕೂಡಲೇ ಅದನ್ನು ತೆಗೆಯಿರಿ. ಅದರ ಮೇಲೆಯೇ ರೋಗಿಯನ್ನು ಬಿಟ್ಟರೆ ಜಾರಿ ಬೀಳುತ್ತಾರೆ, ಬೆವರಿ ಚರ್ಮವೂ ಕೆಡುತ್ತದೆ.

ಎಂದಿಗೂ ಮಾಡಬಾರದ ಒಂದು ಪಟ್ಟು ಇದೆ: ಕಂಕುಳಿಗೆ ಕೈ ಹಾಕಿ ಎಳೆಯುವುದು. ಪಾರ್ಶ್ವವಾಯು ಆದ ರೋಗಿಯ ಭುಜ ಹೀಗೆಯೇ ಜಾರುತ್ತದೆ, ಎಳೆದವರ ಸೊಂಟವೂ ಹೀಗೆಯೇ ಹಿಡಿಯುತ್ತದೆ. ಇದನ್ನು ಹೊಸಬರಿಗೆ ಕಲಿಸುತ್ತಿರುವವರು ಹಳಬರಾದ ನಾವೇ. ನಾವು ಬಿಟ್ಟರೆ ಅವರೂ ಬಿಡುತ್ತಾರೆ.

ಮಗ್ಗುಲು ಬದಲಿಸುವುದು. ರೋಗಿಯನ್ನು ನಿಮ್ಮ ಕಡೆಗೆ ತಿರುಗಿಸಿ. ನಿಮ್ಮಿಂದ ದೂರವಿರುವ ಬದಿಯ ಕೈಯನ್ನು ಎದೆಯ ಮೇಲೆ ಇಡಿ, ಆ ಬದಿಯ ಮಂಡಿಯನ್ನು ಮಡಚಿ ನಿಲ್ಲಿಸಿ. ಒಂದು ಅಂಗೈ ಭುಜದ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಈಗ ನೀವು ಹಿಂದಕ್ಕೆ ವಾಲಿದರೆ ಸಾಕು, ಮಡಚಿದ ಮಂಡಿಯೇ ಮೈಯನ್ನು ತಿರುಗಿಸುತ್ತದೆ. ಮಂಡಿ ಮಡಚದೆ ಮಾಡಿ ನೋಡಿ, ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ಬೆನ್ನುಮೂಳೆಗೆ ಪೆಟ್ಟಾದ, ಸೊಂಟದ ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ಈ ವಿಧಾನ ಸಲ್ಲದು. ಅಲ್ಲಿ ವೈದ್ಯರು ಹೇಳಿದ ರೀತಿಯಲ್ಲೇ, ಸಾಕಷ್ಟು ಜನರೊಂದಿಗೆ ತಿರುಗಿಸಬೇಕು.

ಮಂಚದಿಂದ ವ್ಹೀಲ್‌ಚೇರಿಗೆ. ಕುರ್ಚಿಯನ್ನು ರೋಗಿಯ ಬಲವಿರುವ ಬದಿಗೆ ಇಡಿ, ಬ್ರೇಕ್ ಹಾಕಿ, ಪಾದ ಇಡುವ ಹಲಗೆಗಳನ್ನು ಮೇಲಕ್ಕೆ ಮಡಚಿ. ರೋಗಿ ಅಂಚಿನಲ್ಲಿ ಕುಳಿತು ಪಾದ ನೆಲಕ್ಕೆ ಊರಿ ಒಂದು ನಿಮಿಷ ಇರಲಿ. ತಲೆ ತಿರುಗಿದರೆ ಇಲ್ಲೇ ಗೊತ್ತಾಗುತ್ತದೆ. ನಂತರ ಮೂಗು ಕಾಲ್ಬೆರಳಿನ ಮುಂದೆ ಬರುವಷ್ಟು ಬಾಗಲು ಹೇಳಿ, ಆಗ ಪೃಷ್ಠ ತಾನಾಗಿ ಏಳುತ್ತದೆ. ಬಲವಿಲ್ಲದ ಮಂಡಿಗೆ ನಿಮ್ಮ ಮಂಡಿಯನ್ನು ಆನಿಸಿ. ನಿಮ್ಮ ಕುತ್ತಿಗೆಯನ್ನು ತಬ್ಬಲು ಬಿಡಬೇಡಿ; ರೋಗಿ ಕುಸಿದರೆ ಇಡೀ ತೂಕ ನಿಮ್ಮ ಕತ್ತಿಗೆ ಬೀಳುತ್ತದೆ.

ರೋಗಿ ಬೀಳುತ್ತಿದ್ದರೆ. ಹಿಡಿದು ನಿಲ್ಲಿಸಲು ಹೋಗಬೇಡಿ. ನಿಮ್ಮ ಒಂದು ಕಾಲನ್ನು ಮುಂದಿಟ್ಟು, ಆ ತೊಡೆಯ ಮೇಲೆ ಜಾರಿಸುತ್ತ ತಲೆ ಕಾಯ್ದು ನೆಲಕ್ಕೆ ಇಳಿಸಿ. ನೆಲದಲ್ಲೇ ಪರೀಕ್ಷಿಸಿ. ಏಳಿಸುವ ಅವಸರ ಬೇಡ, ಜನ ಬರಲಿ.

ರೋಗಿಯ ಕಡೆಯವರ ಬಗ್ಗೆ ಒಂದು ಮಾತು. ನಮ್ಮ ವಾರ್ಡುಗಳಲ್ಲಿ ಎರಡನೆಯ ಕೈ ಎಂದರೆ ಬಹಳ ಸಲ ಅವರೇ. ‘ಅಣ್ಣಾ, ಸ್ವಲ್ಪ ಹಿಡಿದುಕೊಳ್ಳಿ’ ಎಂದರೆ ಅವರು ಮೊದಲು ಹಿಡಿಯುವುದು ಕಂಕುಳನ್ನು. ಎಲ್ಲಿ ಹಿಡಿಯಬೇಕು, ಯಾವಾಗ ಸರಿಸಬೇಕು ಎಂದು ಮೊದಲ ದಿನವೇ ಐದು ನಿಮಿಷ ತೋರಿಸಿಕೊಡಿ. ಆ ಐದು ನಿಮಿಷ ನಿಮ್ಮ ಮುಂದಿನ ಹತ್ತು ಡ್ಯೂಟಿಯನ್ನು ಹಗುರ ಮಾಡುತ್ತದೆ, ರೋಗಿ ಮನೆಗೆ ಹೋದ ಮೇಲೆ ಅವರಿಗೂ ಅದು ಬೇಕು.

ಜಂಬೋ ಆಮ್ಲಜನಕ ಸಿಲಿಂಡರ್ 50 ಕಿಲೋಗೂ ಹೆಚ್ಚು ತೂಗುತ್ತದೆ. ಅದನ್ನು ಓರೆಯಾಗಿಸಿ ಉರುಳಿಸುವುದು ನಿಮ್ಮ ಕೆಲಸವಲ್ಲ. ಟ್ರಾಲಿ ಇಲ್ಲದಿದ್ದರೆ ಕಾಯಿರಿ, ಅಟೆಂಡರ್ ಬರಲಿ.

## ಹಂತ 5: ಬಾಗುವುದನ್ನು ಎಣಿಸಿ

ಫೌಲರ್ ಮಂಚದ ತಲೆ, ಮಂಡಿ ಏರುತ್ತವೆ, ಮಂಚದ ಎತ್ತರ ಬದಲಾಗುವುದಿಲ್ಲ. ಹಾಗಾಗಿ ನಮ್ಮ ಎತ್ತರವನ್ನೇ ಬದಲಿಸಿಕೊಳ್ಳಬೇಕು.

ಕ್ಯಾನುಲಾ ಹಾಕುವುದು, ಡ್ರೆಸ್ಸಿಂಗ್, ಮೂಗಿನಿಂದ ಹೊಟ್ಟೆಗೆ ಹಾಕಿದ ರೈಲ್ಸ್ ಟ್ಯೂಬ್‌ನಲ್ಲಿ ಆಹಾರ ಕೊಡುವುದು ಎಲ್ಲವನ್ನೂ ಸ್ಟೂಲಿನ ಮೇಲೆ ಕುಳಿತು ಮಾಡಿ. ಕುಳಿತರೆ ಸೋಮಾರಿ ಎನ್ನುತ್ತಾರೆ ಎಂಬ ಅಳುಕು ನಮ್ಮಲ್ಲಿ ಆಳವಾಗಿ ಕೂತಿದೆ. ಕುಳಿತು ಹಾಕಿದ ಕ್ಯಾನುಲಾ ಮೊದಲ ಚುಚ್ಚಿಗೇ ಸಿಗುವ ಸಾಧ್ಯತೆ ಹೆಚ್ಚು. ರೋಗಿಗೂ ಅದೇ ಬೇಕಿರುವುದು. ಯೂರೋಬ್ಯಾಗ್ ಖಾಲಿ ಮಾಡುವಾಗ ಸೊಂಟದಿಂದ ಬಾಗದೆ ಒಂದು ಮಂಡಿಯೂರಿ ಇಳಿಯಿರಿ, ಮಂಚದ ಚೌಕಟ್ಟನ್ನು ಹಿಡಿದು ಏಳಿ. ಮಂಡಿ ಸವೆದವರಿಗೆ ಇದು ಆಗದು. ಅವರು ಫುಟ್‌ಸ್ಟೆಪ್ ಮೇಲೆ ಕುಳಿತು ಮಾಡಲಿ. ಪಕ್ಕದ ಕಂಬಿ ಇಳಿಸದೆ ಅದರ ಮೇಲಿಂದ ಬಾಗುವುದು ಅತಿ ಕೆಟ್ಟ ಅಭ್ಯಾಸ. ಕೆಲಸಕ್ಕೆ ಮುನ್ನ ಇಳಿಸಿ, ಮುಗಿದ ಮೇಲೆ ಮರೆಯದೆ ಏರಿಸಿ.

ಬಾಗಿದ ಸ್ಥಿತಿಯಲ್ಲಿ ಸೊಂಟ ತಿರುಚುವುದು ಬಾಗುವುದಕ್ಕಿಂತ ಅಪಾಯ. ಟ್ರಾಲಿಯನ್ನು ಹಿಂದೆ ಬಿಟ್ಟು ತಿರುತಿರುಗಿ ಹತ್ತಿ ಎತ್ತಿಕೊಳ್ಳುವ ಬದಲು, ಟ್ರಾಲಿಯನ್ನು ಮುಂದಕ್ಕೆ ತಂದುಕೊಳ್ಳಿ.

## ಹಂತ 6: ಓಡಾಟ ಮತ್ತು ನೀರು

ಡ್ಯೂಟಿಯ ಆರಂಭದಲ್ಲಿ ಐದು ನಿಮಿಷ ಕೊಟ್ಟು ಟ್ರಾಲಿ ಜೋಡಿಸಿಕೊಂಡರೆ ಸ್ಟೋರಿಗೆ ಹೋಗಿಬರುವ ಎಷ್ಟೋ ಸುತ್ತು ಉಳಿಯುತ್ತದೆ. ಬಿ.ಪಿ., ಔಷಧ, ಮಗ್ಗುಲು ಬದಲಿಸುವುದು ಮೂರನ್ನೂ ಒಂದೇ ಸುತ್ತಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಮುಗಿಸಿ. ಬರೆಯಲು ನಿಂತಾಗ ಹಿಮ್ಮಡಿಯನ್ನು ಇಪ್ಪತ್ತು ಸಲ ಎತ್ತಿ ಇಳಿಸಿ. ಮೀನಖಂಡ ಬಿಗಿದಾಗಲೇ ಕಾಲಿನ ರಕ್ತ ಮೇಲಕ್ಕೇರುವುದು.

ಶೌಚಾಲಯಕ್ಕೆ ಹೋಗಲು ಬಿಡುವಿಲ್ಲ ಎಂದು ನೀರು ಕುಡಿಯದಿರುವುದು ನಮ್ಮಲ್ಲಿ ಬೆಳೆದುಬಂದ ಕೆಟ್ಟ ರೂಢಿ. ಉರಿಮೂತ್ರ, ತಲೆನೋವು, ಸ್ನಾಯು ಹಿಡಿತ ಎಲ್ಲಕ್ಕೂ ಇದು ದಾರಿ. ಆರು ಗಂಟೆಯ ಡ್ಯೂಟಿಗೆ ಒಂದು ಲೀಟರ್ ಬಾಟಲಿ ಖಾಲಿಯಾಗಲಿ, ಮೂರು ಗಂಟೆಗೊಮ್ಮೆ ಶೌಚಾಲಯಕ್ಕೆ ಹೋಗಿ. ಹೋಗುವಾಗ ಜೊತೆಯವರಿಗೆ ಬಾಯಿಬಿಟ್ಟು ಹೇಳಿ ಹೋಗಿ, ಕದ್ದು ಹೋಗುವ ವಿಷಯವಲ್ಲ ಇದು.

## ಹಂತ 7: ನೈಟ್ ಡ್ಯೂಟಿ

ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗಿನ ಹನ್ನೆರಡು ಗಂಟೆಯನ್ನು ಇಪ್ಪತ್ತೈದರ ದೇಹ ತಡೆದುಕೊಂಡಂತೆ ಐವತ್ತರ ದೇಹ ತಡೆದುಕೊಳ್ಳುವುದಿಲ್ಲ. ಮೊದಲ ನೈಟ್‌ಗೆ ಮುನ್ನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ಊಟವನ್ನು ಡ್ಯೂಟಿಗೆ ಮೊದಲೇ ಮುಗಿಸಿ. ನಡುರಾತ್ರಿಯ ನಂತರ ಹೊಟ್ಟೆ ತುಂಬ ಅನ್ನ ಬೇಡ, ಮೊಸರು, ಹಣ್ಣು, ಹುರಿಗಡಲೆಯಂಥದ್ದು ಸಾಕು. ಕಾಫಿ ಒಂದೂವರೆ ಎರಡು ಗಂಟೆಯವರೆಗೆ ಸರಿ. ನಾಲ್ಕು ಗಂಟೆಗೆ ಕುಡಿದ ಕಾಫಿ ಬೆಳಿಗ್ಗೆಯ ನಿದ್ದೆಯನ್ನು ಕದಿಯುತ್ತದೆ. ಇಬ್ಬರಿದ್ದ ಕಡೆ, ನಿಯಮ ಒಪ್ಪುವಂತಿದ್ದರೆ, ಇಪ್ಪತ್ತು ನಿಮಿಷದ ನಿದ್ದೆಯನ್ನು ಸರದಿಯ ಮೇಲೆ ಹಂಚಿಕೊಳ್ಳಿ.

ಬೆಳಗಿನ ಜಾವ ನಾಲ್ಕರಿಂದ ಆರು ಅತ್ಯಂತ ಕಷ್ಟದ ಹೊತ್ತು. ಭಾರದ ರೋಗಿಯನ್ನು ಸರಿಸುವ ಕೆಲಸ, ಲೆಕ್ಕ ಮಾಡಿ ಕೊಡಬೇಕಾದ ಔಷಧ ಎರಡನ್ನೂ ಆ ಹೊತ್ತಿನಲ್ಲಿ ಒಬ್ಬರೇ ಮಾಡಬೇಡಿ.

ಡ್ಯೂಟಿ ಮುಗಿದ ಮೇಲೆ ತೂಕಡಿಕೆ ಬರುತ್ತಿದ್ದರೆ ಸ್ಕೂಟರ್ ಅಲ್ಲೇ ಬಿಡಿ, ಬಸ್ಸಿನಲ್ಲಿ ಹೋಗಿ. ತಂಪು ಕನ್ನಡಕ ಹಾಕಿಕೊಳ್ಳಿ, ಬೆಳಗಿನ ಬಿಸಿಲು ನಿದ್ದೆಯನ್ನು ಓಡಿಸುತ್ತದೆ. ಮನೆಗೆ ಹೋದ ಕೂಡಲೇ ಒಲೆ ಹಚ್ಚಬೇಡಿ. ಇದು ಹೇಳಲು ಸುಲಭ, ಮಾಡಲು ಕಷ್ಟ ಎಂದು ಬಲ್ಲೆ. ನಾನು ಹದಿನೈದು ವರ್ಷ ನೈಟ್ ಮುಗಿಸಿ ಬಂದು ತಿಂಡಿ ಮಾಡಿ, ಬಟ್ಟೆ ಒಗೆದು, ಹನ್ನೊಂದಕ್ಕೆ ಮಲಗಿದವಳು. ಮನೆಯವರೊಂದಿಗೆ ಕುಳಿತು ಒಮ್ಮೆ ಸ್ಪಷ್ಟವಾಗಿ ಮಾತಾಡಿದ ಮೇಲೆ, ನೈಟ್ ಇರುವ ದಿನಗಳಲ್ಲಿ ಅಡುಗೆಮನೆ ಅವರದಾಯಿತು. ಮೊದಲೇ ಕೇಳಬೇಕಿತ್ತು ಎಂಬ ನೋವು ನನಗೆ ಇಂದಿಗೂ ಇದೆ.

## ಹಂತ 8: ಮುಟ್ಟು ನಿಲ್ಲುವ ಕಾಲ

ಭಾರತದ ಮಹಿಳೆಯರಲ್ಲಿ ಮುಟ್ಟು ಸರಾಸರಿ 46–47ರ ವಯಸ್ಸಿನಲ್ಲಿ ನಿಲ್ಲುತ್ತದೆ. ಅದಕ್ಕೆ ಹಲವು ವರ್ಷ ಮೊದಲೇ ನಿದ್ದೆ ಕೆಡುವುದು, ಮೈ ಬಿಸಿಯೇರಿ ಬೆವರುವುದು, ಕೀಲು ನೋವು, ಹೆಚ್ಚು ರಕ್ತಸ್ರಾವ ಆರಂಭವಾಗಬಹುದು. ಸಮವಸ್ತ್ರದ ಒಳಗೆ ತೆಳು ಹತ್ತಿಯ ಬನಿಯನ್ ಹಾಕಿ, ಬದಲಿಸಲು ಇನ್ನೊಂದು ಇಟ್ಟುಕೊಳ್ಳಿ. ಸ್ರಾವ ಹೆಚ್ಚಿದ್ದರೆ ಸಹಿಸಿಕೊಂಡು ಓಡಾಡಬೇಡಿ. ರಕ್ತಹೀನತೆಯ ಮೂಲ ಅದೇ ಇರಬಹುದು.

ಕೆಮ್ಮಿದಾಗ, ರೋಗಿಯನ್ನು ಸರಿಸಿದಾಗ ಮೂತ್ರ ಹನಿಯುವುದನ್ನು ಎಷ್ಟು ಮಂದಿ ಮುಚ್ಚಿಟ್ಟಿದ್ದೇವೆ! ಇದಕ್ಕೆ ಚಿಕಿತ್ಸೆ ಇದೆ. ಮೂತ್ರವನ್ನು ತಡೆಹಿಡಿಯುವ ಸ್ನಾಯುವನ್ನು ಐದು ಸೆಕೆಂಡು ಬಿಗಿದು ಐದು ಸೆಕೆಂಡು ಸಡಿಲಿಸಿ, ಹತ್ತು ಸಲ, ದಿನಕ್ಕೆ ಮೂರು ಬಾರಿ. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂರು ತಿಂಗಳು ಬಿಡದೆ ಮಾಡಿ. ಭಾರ ಸರಿಸುವ ಕ್ಷಣಕ್ಕೆ ಮುನ್ನ ಅದೇ ಸ್ನಾಯುವನ್ನು ಬಿಗಿಹಿಡಿಯುವುದನ್ನೂ ರೂಢಿಸಿಕೊಳ್ಳಿ.

## ಹಂತ 9: ಬಲ ಕಟ್ಟಿಕೊಳ್ಳಿ

‘ದಿನವಿಡೀ ಓಡಾಡುತ್ತೇನಲ್ಲ, ವ್ಯಾಯಾಮ ಏಕೆ?’ ಎನ್ನುತ್ತಾರೆ. ಓಡಾಟ ದಣಿಸುತ್ತದೆ, ಬಲ ಕೊಡುವುದಿಲ್ಲ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹದಿನೈದು ನಿಮಿಷ ಸಾಕು: ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು, ಬೆನ್ನ ಮೇಲೆ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಅಂಬೆಗಾಲಿನಲ್ಲಿ ಎದುರುಬದಿಯ ಕೈ ಕಾಲು ಚಾಚುವುದು, ಗೋಡೆಗೆ ಕೈಯೂರಿ ಒತ್ತುವುದು, ರಬ್ಬರ್ ಪಟ್ಟಿಯನ್ನು ಕಿಟಕಿ ಸರಳಿಗೆ ಕಟ್ಟಿ ಹಿಂದಕ್ಕೆ ಎಳೆಯುವುದು. ಪ್ರತಿಯೊಂದೂ ಹತ್ತು ಸಲ, ಎರಡು ಸುತ್ತು. ಎರಡು ವಾರಕ್ಕೊಮ್ಮೆ ಸ್ವಲ್ಪ ಹೆಚ್ಚಿಸಿ. ನೈಟ್ ಮುಗಿದ ಬೆಳಿಗ್ಗೆ ಮಾಡಬೇಡಿ. ಕಾಲಿಗೆ ಹರಿಯುವ ನೋವಿರುವಾಗ ಪಾದಹಸ್ತಾಸನ, ಸೂರ್ಯನಮಸ್ಕಾರದಂತಹ ಮುಂದಕ್ಕೆ ಬಾಗುವ ಆಸನಗಳನ್ನು ನಿಲ್ಲಿಸಿ. ಯೋಗ ತರಗತಿಗೆ ಸೇರಿ ಸೊಂಟ ಇನ್ನಷ್ಟು ಹಿಡಿಸಿಕೊಂಡವರ ಕಥೆ ಬಹುತೇಕ ಇದೇ.

ಸ್ನಾಯು ಬೆಳೆಯಲು ಪ್ರೋಟೀನ್ ಬೇಕು. ಕಾಳಿನ ಸಾರು, ಮೊಟ್ಟೆ, ಮೊಸರು ದಿನವೂ ಇರಲಿ. ಮುದ್ದೆ ತಿನ್ನುವವರು ಅದನ್ನು ಬಿಡಬೇಡಿ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

## ತಕ್ಷಣ ಕೆಲಸ ನಿಲ್ಲಿಸಬೇಕಾದ ಸೂಚನೆಗಳು

- ಸೊಂಟ ನೋವಿನೊಂದಿಗೆ ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಕುಳಿತುಕೊಳ್ಳುವ ಜಾಗ ಜೋಮು ಹಿಡಿಯುವುದು, ಪಾದ ಎತ್ತಲಾಗದೆ ಬೆರಳು ನೆಲಕ್ಕೆ ತಗಲುವುದು. ಇದು ತುರ್ತು, ನಾಳೆಗೆ ಬಿಡುವಂತಿಲ್ಲ.
- ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುವುದು. ತಿಕ್ಕಬೇಡಿ, ರಕ್ತ ಹೆಪ್ಪುಗಟ್ಟಿರಬಹುದು.
- ಮೆಟ್ಟಿಲು ಹತ್ತುವಾಗ ಎದೆ ಬಿಗಿತ, ದವಡೆ ಅಥವಾ ಬೆನ್ನಿಗೆ ಹರಿಯುವ ನೋವು, ತಣ್ಣನೆ ಬೆವರು, ಎಂದೂ ಇಲ್ಲದ ಸುಸ್ತು. ಗ್ಯಾಸ್ ಎಂದು ಸುಮ್ಮನಾಗಬೇಡಿ, ಇ.ಸಿ.ಜಿ. ಮಾಡಿಸಿ.
- ಮಲಗಿದರೂ ತಗ್ಗದ, ಜ್ವರ ಅಥವಾ ತೂಕ ಇಳಿತ ಇರುವ ಬೆನ್ನು ನೋವು.
- ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸುವುದು.

## ಹಂತ 10: ಬರವಣಿಗೆಯಲ್ಲಿ ಕೇಳಿ

ಇಷ್ಟೆಲ್ಲ ಮಾಡಿಯೂ ಆಗದಿದ್ದಾಗ ಡ್ಯೂಟಿ ಬದಲಾವಣೆ ಕೇಳಬೇಕಾಗುತ್ತದೆ. ಬಾಯಿಮಾತಿನ ಕೋರಿಕೆ ಮುಂದಿನ ತಿಂಗಳ ಡ್ಯೂಟಿ ಪಟ್ಟಿಯ ಹೊತ್ತಿಗೆ ಮರೆತುಹೋಗುತ್ತದೆ. ನಾನು ಒಂದು ಆಸ್ಪತ್ರೆಯಲ್ಲಿ ಎರಡು ವರ್ಷ ಬಾಯಲ್ಲೇ ಕೇಳಿ ಸುಮ್ಮನಾದೆ. ಕಾಗದ ಕೊಟ್ಟ ಮೇಲೆ ಮೂರನೇ ವಾರಕ್ಕೆ ಉತ್ತರ ಬಂತು.

ಕಾಗದದಲ್ಲಿ ಗೋಳು ಬೇಡ, ವಿವರ ಇರಲಿ. ನೋಟ್‌ಪುಸ್ತಕದ ಏಳು ದಿನದ ದಾಖಲೆಯ ಪ್ರತಿ ಮತ್ತು ವೈದ್ಯರ ಚೀಟಿ ಲಗತ್ತಿಸಿ. ‘ಹಗುರ ಕೆಲಸ ಕೊಡಿ’ ಎನ್ನಬೇಡಿ, ಏನು ಬೇಕೋ ಅದನ್ನೇ ಬರೆಯಿರಿ: ಮೂರು ತಿಂಗಳು ಆರ್ಥೋ (ಮೂಳೆ) ವಾರ್ಡಿನ ಬದಲು ಒ.ಪಿ.ಡಿ., ಲಸಿಕಾ ವಿಭಾಗ ಅಥವಾ ಡಯಾಲಿಸಿಸ್; ಸತತ ಏಳು ನೈಟ್ ಬದಲು ಮೂರು ಅಥವಾ ನಾಲ್ಕು; ವಾರ್ಡಿಗೆ ಎರಡು ಸ್ಲೈಡ್ ಶೀಟ್ ಮತ್ತು ಒಂದು ಸ್ಟೂಲ್. ಕೊನೆಯದನ್ನು ನಿಮ್ಮ ಹೆಸರಿನಲ್ಲಿ ಮಾತ್ರ ಕೇಳಬೇಡಿ, ವಾರ್ಡಿನ ಎಲ್ಲರ ಸಹಿ ಹಾಕಿಸಿ. ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಮನೆಯ ಕಡತದಲ್ಲಿ ಇಡಿ. ಹದಿನೈದು ದಿನ ಕಳೆದರೂ ಉತ್ತರ ಬರದಿದ್ದರೆ, ಅದೇ ದಿನಾಂಕವನ್ನು ಉಲ್ಲೇಖಿಸಿ ಎರಡನೆಯ ಕಾಗದ ಕೊಡಿ.